ಪುಸ್ತಕದ ಊರು ಧಾರವಾಡ, ಸರಿ. ಮೊಳೆ ಜೋಡಿಸಿದ ಊರು ಯಾವುದು?

ಕಂಪೋಜಿಟರ್ ಮಗಳು, ಹುಬ್ಬಳ್ಳಿ

ಕಳೆದ ವಾರ ಧಾರವಾಡದಲ್ಲಿ ಒಂದು ಪುಸ್ತಕ ಬಿಡುಗಡೆ ಇತ್ತು. ಚಿಗರಿ ಬಸ್ ಹಿಡಿದು ಹೋಗಿದ್ದೆ. ಕಾರ್ಯಕ್ರಮ ಚೆನ್ನಾಗಿ ಆಯಿತು. ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದಾಗ ಒಬ್ಬ ಹಿರಿಯರು ಯಾವ ಊರು ಅಂತ ವಿಚಾರಿಸಿದರು. ಹುಬ್ಬಳ್ಳಿ ಅಂದೆ. "ಇದಕ್ಕಂತ ಹುಬ್ಬಳ್ಳಿಯಿಂದ ಬಂದೀ ಏನವಾ? ಅಲ್ಲೆ ಸಾಹಿತ್ಯ ಎಲ್ಲದ, ಅದು ದುಡಿಯೋ ಮಂದಿ ಊರು" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೈಗೆ ಬಿಸ್ಕೀಟು ಕೊಟ್ಟು, ಮಗಳಿಗೆ ಹೇಳುವ ಹಾಗೆ ಹೇಳಿದರು. ಅದಕ್ಕೇ ಜಾಸ್ತಿ ಚುಚ್ಚಿತು.

ನನ್ನ ಅಪ್ಪ ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ 28 ವರ್ಷ ಮೊಳೆ ಜೋಡಿಸಿದರು. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಸೀಸದ ಒಂದೊಂದು ಅಕ್ಷರವೂ ಒಂದು ಸಣ್ಣ ಮೊಳೆ. ಮುಂದೆ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸ್. ಅದರ ತುಂಬ ಖಾನೆಗಳು. ಎಡಗೈಯಲ್ಲಿ ಸ್ಟಿಕ್ಕು, ಅಂದರೆ ಮೊಳೆಗಳನ್ನು ಸಾಲಾಗಿ ಕೂರಿಸುವ ಪಟ್ಟಿ. ಬಲಗೈ ಖಾನೆಯಿಂದ ಖಾನೆಗೆ ಓಡುತ್ತಿರಬೇಕು. ಇಂಗ್ಲಿಷ್ ಜೋಡಿಸುವವನಿಗೆ ಇದು ಸಲೀಸು. ಕನ್ನಡದಲ್ಲಿ ಅಕ್ಷರ ಬೇರೆ, ಗುಣಿತ ಬೇರೆ, ಒತ್ತು ಬೇರೆ. 'ಸ್ತ್ರೀ' ಅನ್ನುವ ಒಂದು ಪದಕ್ಕೆ ಕೈ ಎಷ್ಟು ಕಡೆ ಹೋಗಿ ಬರಬೇಕು ನೋಡಿ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಮೊಳೆಯ ಬದಿಯಲ್ಲಿ ಒಂದು ಗೀರು ಇರುತ್ತದೆ. ಹೆಬ್ಬೆರಳಿನಿಂದ ಅದನ್ನು ತಡವಿದರೆ ಸಾಕು, ಅಕ್ಷರ ನೆಟ್ಟಗಿದೆಯೋ ಬೋರಲಾಗಿದೆಯೋ ತಿಳಿಯುತ್ತದೆ. ಅಪ್ಪನ ಆ ಹೆಬ್ಬೆರಳು ಇವತ್ತಿಗೂ ಒಂದು ಕಡೆ ಸವೆದು ನುಣ್ಣಗಿದೆ.

ಫಾರಂ, ಅಂದರೆ ಜೋಡಿಸಿ ಕಟ್ಟಿದ ಪುಟಗಳು, ಅಚ್ಚಾದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಸೀಮೆಎಣ್ಣೆಯಲ್ಲಿ ಮಸಿ ತೊಳೆದು, ಒಂದೊಂದೇ ಮೊಳೆ ಬಿಡಿಸಿ, ಅದರದರ ಖಾನೆಗೆ ಹಾಕಬೇಕು. ಇಲ್ಲದಿದ್ದರೆ ಮುಂದಿನ ಪುಟಕ್ಕೆ ಅಕ್ಷರವೇ ಇಲ್ಲ. ಅಂದರೆ ಒಂದು ಪುಸ್ತಕವನ್ನು ಅಪ್ಪ ಒಮ್ಮೆ ಕಟ್ಟುತ್ತಿದ್ದರು, ಒಮ್ಮೆ ಬಿಚ್ಚುತ್ತಿದ್ದರು. ಎರಡು ಸಲ ಓದುತ್ತಿದ್ದರು. ಧಾರವಾಡದ ಎಷ್ಟೋ ಲೇಖಕರ ಕೈಬರಹ ಅವರಿಗೆ ಪರಿಚಯ. ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದರು, "ಈ ಮನಶ್ಯಾ ಕಥಿ ಛಲೋ ಬರೀತಾನ, ಆದರ ಅಲ್ಪಪ್ರಾಣ ಮಹಾಪ್ರಾಣ ನಾನ ತಿದ್ದಬೇಕು."

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ.

ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮೊದಲ ಪುಟದ ಹಿಂದೆ ಪ್ರೆಸ್ಸಿನ ಹೆಸರು ಇರುತ್ತದೆ, ಅಷ್ಟೇ. ಕಂಪ್ಯೂಟರ್ ಬಂದ ಮೇಲೆ ಸೀಸವನ್ನು ತೂಕಕ್ಕೆ ಮಾರಿದರು. ಅಪ್ಪನಿಗೆ ಎರಡು ತಿಂಗಳ ಪಗಾರ ಕೊಟ್ಟು ಮನೆಗೆ ಕಳಿಸಿದರು.

ನನ್ನ ಪ್ರಶ್ನೆ ಇಷ್ಟೇ. ಧಾರವಾಡ ಸಾಹಿತ್ಯದ ಊರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ನಾನೂ ಹೇಳುತ್ತೇನೆ. ಆ ಹೆಸರಿನಲ್ಲಿ ನನ್ನ ಅಪ್ಪನಿಗೆ ಪಾಲು ಇದೆಯೋ ಇಲ್ಲವೋ? ಎರಡೂ ಊರು 1962ರಲ್ಲಿ ಒಂದೇ ಪಾಲಿಕೆ ಆದವು. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಆಗಿಂದ ಎಲ್ಲರ ಬಾಯಲ್ಲೂ 'ಅವರದು ಸಾಹಿತ್ಯ ನಗರಿ, ನಮ್ಮದು ವಾಣಿಜ್ಯ ನಗರಿ' ಅನ್ನುವ ಮಾತು. ಈ 'ವಾಣಿಜ್ಯ ನಗರಿ' ಅನ್ನುವ ಹೆಸರೂ ನನಗೆ ಸೇರುವುದಿಲ್ಲ. ಅದು ಅಂಗಡಿ ಮಾಲೀಕರ ಹೆಸರು. ಮೂಟೆ ಹೊತ್ತವರದಲ್ಲ.

ಮಾಳಮಡ್ಡಿ ಮಾಸ್ತರ

ತಂಗೀ, ಆ ಹಿರಿಯರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಅವರು ಯಾರೋ ಗೊತ್ತಿಲ್ಲ. ಆದರೆ ಆ ಮಾತು ನಮ್ಮ ಕಡೆ ಬಹಳ ಮಂದಿ ಆಡುತ್ತಾರೆ. ನಾನೂ ಆಡಿರಬಹುದು.

ಆದರೂ ಧಾರವಾಡದ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಈ ಹೆಸರು ಸುಮ್ನೆ ಬಂದಿದ್ದಲ್ಲ, ದುಡ್ಡಿದ್ದವರು ಕಟ್ಟಿದ್ದೂ ಅಲ್ಲ. ಮುಂಬಯಿ ಪ್ರಾಂತ್ಯದ ಮೂಲೆಯಲ್ಲಿ ನಾವು ಇದ್ದೆವು. ಕಚೇರಿಯಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ಮರಾಠಿಯದೇ ಜೋರು. ಅಂಥ ಹೊತ್ತಿನಲ್ಲಿ, 1890ರಲ್ಲಿ, ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಶುರು ಮಾಡಿದರು. ಗ್ರಂಥಮಾಲೆಯ ಆ ಅಟ್ಟ ನೋಡಿದ್ದೀರಲ್ಲ? ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಕನ್ನಡದ ಎಂಥೆಂಥ ಪುಸ್ತಕಗಳು ಅಲ್ಲಿಂದ ಇಳಿದು ಬಂದಿವೆ.

ಇವರಲ್ಲಿ ಸಾಹುಕಾರರು ಯಾರಿದ್ದರು ಹೇಳಿ. ಹೆಚ್ಚಿನವರು ಶಾಲಾ ಮಾಸ್ತರರು. ಬೇಂದ್ರೆಯವರು 'ನರಬಲಿ' ಕವನ ಬರೆದದ್ದಕ್ಕೆ ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಎಷ್ಟೋ ವರ್ಷ ನೆಟ್ಟಗೆ ನೌಕರಿ ಇರಲಿಲ್ಲ. ಕೊನೆಗೆ 1944ರಿಂದ 1956ರ ತನಕ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಸೊಲ್ಲಾಪುರ ಅಂದರೆ ಏನು? ಗಿರಣಿಯ ಊರು. ನಮ್ಮ ವರಕವಿಗೆ 12 ವರ್ಷ ಅನ್ನ ಹಾಕಿದ್ದು ಗಿರಣಿ ಕೆಲಸಗಾರರ ಊರು. ಇದನ್ನು ನಾವು ಧಾರವಾಡದವರು ಹೇಳಿಕೊಳ್ಳುವುದು ಕಡಿಮೆ. ಹೇಳಿಕೊಳ್ಳಬೇಕು.

ಹಾಗಾಗಿ ಬಡವರು ಒಂದು ಕಡೆ, ಸಾಹಿತಿಗಳು ಇನ್ನೊಂದು ಕಡೆ ಅಂತ ಗೆರೆ ಎಳೆಯಬೇಡಿ ಅಂತ ನನ್ನ ವಿನಂತಿ.

ರೈಲ್ವೆ ಚಾಳ

ಮಾಸ್ತರ ಸರ, ಗೆರೆ ನಾವು ಎಳೆದಿದ್ದಲ್ಲ. ಚಹಾ ಕುಡಿಯುವಾಗ ಎಳೆದವರು ಬೇರೆ.

ನಮ್ಮದು ಮೂರು ತಲೆಮಾರು ವರ್ಕ್‌ಶಾಪ್ ಮನೆ. ಗದಗ ರಸ್ತೆಯ ಆ ವರ್ಕ್‌ಶಾಪು 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆ ಕಾಲದ್ದು. ನಿಮ್ಮ ವಿದ್ಯಾವರ್ಧಕ ಸಂಘಕ್ಕಿಂತ ಸ್ವಲ್ಪ ಹಿರಿಯದು. ಈ ಎರಡನ್ನೂ ಯಾರೂ ಒಟ್ಟಿಗೆ ಇಟ್ಟು ನೋಡಿಲ್ಲ. ಒಂದೇ ಕಾಲದಲ್ಲಿ, 20 ಕಿಲೋಮೀಟರ್ ಅಂತರದಲ್ಲಿ, ಒಂದು ಕಡೆ ಕನ್ನಡ ಕಟ್ಟುವ ಕೆಲಸ, ಇನ್ನೊಂದು ಕಡೆ ಬೋಗಿ ರಿಪೇರಿ ಮಾಡುವ ಕೆಲಸ ಶುರುವಾಯಿತು.

ನಮ್ಮ ಅಜ್ಜ ಫಿಟ್ಟರ್. ನಮ್ಮ ಸಾಲಿನಲ್ಲಿ ತಮಿಳರು, ತೆಲುಗರು, ಮರಾಠಿಗರು, ಉರ್ದು ಮಾತಾಡುವವರು ಎಲ್ಲರೂ ಇದ್ದರು. ಸಂಜೆ ಸೈರನ್ ಆದ ಮೇಲೆ ಕೈಯ ಗ್ರೀಸನ್ನು ಮರದ ಪುಡಿಯಿಂದ ಉಜ್ಜಿ, ಸಬಕಾರ ಹಚ್ಚಿ ತೊಳೆದು, ಬಾವಿ ಕಟ್ಟೆ ಮೇಲೆ ಕೂರುತ್ತಿದ್ದರು. ಅಜ್ಜನಿಗೆ ಓದು ಬರುತ್ತಿತ್ತು. ಸಂಯುಕ್ತ ಕರ್ನಾಟಕ ಪತ್ರಿಕೆ ತಂದು ದಿನವೂ ಗಟ್ಟಿಯಾಗಿ ಓದುತ್ತಿದ್ದರು. ಪಾಟೀಲ ಪುಟ್ಟಪ್ಪನವರು 1954ರಲ್ಲಿ 'ಪ್ರಪಂಚ' ವಾರಪತ್ರಿಕೆ ಶುರು ಮಾಡಿದ ಮೇಲೆ ಅದನ್ನೂ ಓದಿದರು. ಸುತ್ತ ಹತ್ತು ಹನ್ನೆರಡು ಮಂದಿ. ಕೆಲವರಿಗೆ ಕನ್ನಡವೇ ಅರ್ಧಮರ್ಧ. ಒಬ್ಬರು ನಡುವೆ ತಡೆದು ತಮಿಳಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿಯೇ ಆ ಮನೆಗಳ ಮಕ್ಕಳು ಕನ್ನಡದವರಾದರು. ಯಾವ ಸಂಘವೂ ಇದನ್ನು ಮಾಡಿಸಲಿಲ್ಲ.

ಇನ್ನೊಂದು. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಒಂದಾಗಬೇಕು ಅಂತ ಉಪವಾಸ ಕೂತರು. ಆಗ ಹುಬ್ಬಳ್ಳಿಯ ಬೀದಿಗೆ ಇಳಿದವರು ಯಾರು? ಸಾವಿರಾರು ಸಾಮಾನ್ಯ ಮಂದಿ. ಏಕೀಕರಣದ ಕನಸನ್ನು ಧಾರವಾಡದವರು ಬರೆದರು, ಒಪ್ಪುತ್ತೇನೆ, ಕೈ ಮುಗಿಯುತ್ತೇನೆ. ಆ ಕನಸಿಗೆ ಲಾಠಿ ಏಟು ತಿಂದವರು ಹುಬ್ಬಳ್ಳಿಯ ಬೀದಿಯವರು. 1956ರ ನವೆಂಬರ್ 1ರ ಮಾತು ಬಂದಾಗ ಇಬ್ಬರ ಹೆಸರೂ ಬರಬೇಕು.

ಲೈನ್ ಬಜಾರ್

ನಾನು ಧಾರವಾಡದವನು, ಆದರೆ ಸಾಹಿತ್ಯದ ಮನೆಯವನಲ್ಲ. ನಮ್ಮ ಮನೆಯಲ್ಲಿ ಎಮ್ಮೆ ಕಟ್ಟಿದ್ದರು. ಬೆಳಗಿನ ನಾಲ್ಕಕ್ಕೆ ಹಾಲು ಕರೆದು ಪೇಡೆ ಮಾಡುವವರಿಗೆ ಹಾಕುತ್ತಿದ್ದೆವು.

ಈ ಚರ್ಚೆಯಲ್ಲಿ ಒಂದು ತಪ್ಪು ನಡೆಯುತ್ತಿದೆ. ಧಾರವಾಡ ಅಂದರೆ ಎಲ್ಲರೂ ಸಾಧನಕೇರಿ, ಸಪ್ತಾಪುರ, ಕಲ್ಯಾಣ ನಗರ ಅಂತಲೇ ತಿಳಿದುಕೊಂಡಿದ್ದೀರಿ. ಧಾರವಾಡದಲ್ಲೂ ದುಡಿಯುವವರು ಇದ್ದಾರೆ ಮಾರಾಯರೇ. ಖೋವಾ ಒಲೆ ಮುಂದೆ ನಿಂತು ತಾಸುಗಟ್ಟಲೆ ಕೈ ಆಡಿಸುವವನ ತೋಳು ನೋಡಿದ್ದೀರಾ? ಹಾಲು ಇಂಗಿ, ಸಕ್ಕರೆ ಬಿದ್ದು, ಬಣ್ಣ ಕಂದಾಗುವ ತನಕ ಅವನು ಆ ಕಡೆ ಈ ಕಡೆ ಹೋಗುವಂತಿಲ್ಲ. ತಳ ಹತ್ತಿದರೆ ಮುಗಿಯಿತು. ಧಾರವಾಡ ಅಂತ ಹೊರಗಿನವರಿಗೆ ಗೊತ್ತಿರುವುದು ಮೊದಲು ಪೇಡೆಯಿಂದ, ಆಮೇಲೆ ಕವಿಗಳಿಂದ. ಇದು ಕವಿಗಳಿಗೆ ಅವಮಾನ ಅಲ್ಲ.

ನಮ್ಮ ಧಾರವಾಡದ ಜಕನಿ ಬಾವಿಯ ಕಥೆ ಎಷ್ಟು ಜನಕ್ಕೆ ಗೊತ್ತು? 1921ರ ಜುಲೈ 1. ಅಸಹಕಾರ, ಖಿಲಾಫತ್ ಚಳವಳಿಯ ಕಾಲ. ಸಾರಾಯಿ ಅಂಗಡಿ ಮುಂದೆ ಪಿಕೆಟಿಂಗ್ ನಡೆದಿತ್ತು. ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಮೂವರೂ ಮುಸ್ಲಿಮರು, ಸಾಮಾನ್ಯ ಮನೆಯವರು. ಅಲ್ಲೇ ಹುತಾತ್ಮರ ಸ್ಮಾರಕ ಇದೆ. ಸಾಹಿತ್ಯ ಉತ್ಸವಕ್ಕೆ ಬಂದವರನ್ನು ಬೇಂದ್ರೆ ಭವನಕ್ಕೆ ಕರೆದುಕೊಂಡು ಹೋಗುತ್ತಾರೆ. ಬಹಳ ಒಳ್ಳೆಯದು. ಜಕನಿ ಬಾವಿಗೆ ಕರೆದುಕೊಂಡು ಹೋದದ್ದನ್ನು ನಾನಂತೂ ನೋಡಿಲ್ಲ.

ಅಕ್ಕಾರ, ನಿಮ್ಮ ಅಪ್ಪನ ಬಗ್ಗೆ ಓದಿ ಕಣ್ಣು ತುಂಬಿತು. ಆದರೆ ಇದನ್ನು ಹುಬ್ಬಳ್ಳಿ-ಧಾರವಾಡ ಜಗಳ ಮಾಡಬೇಡಿ. ಎರಡೂ ಊರಿನಲ್ಲಿ ಹೆಸರಿದ್ದವರು ಇದ್ದಾರೆ, ಹೆಸರಿಲ್ಲದವರೂ ಇದ್ದಾರೆ.

ಬೆಟಗೇರಿ ಮಗ್ಗ

ಲೈನ್ ಬಜಾರ್ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಗದಗಿನಿಂದ ಇದಕ್ಕೆ ಇನ್ನೊಂದಿಷ್ಟು ಸೇರಿಸುತ್ತೇನೆ.

'ದೊಡ್ಡ' ಕಲೆ, 'ಸಣ್ಣ' ಕಲೆ ಅಂತ ಬೇರೆ ಮಾಡುತ್ತೇವಲ್ಲ, ಅದು ನಮ್ಮ ಭಾಗದಲ್ಲಿ ನಿಲ್ಲುವುದೇ ಇಲ್ಲ. ಮಲ್ಲಿಕಾರ್ಜುನ ಮನಸೂರರನ್ನೇ ತೆಗೆದುಕೊಳ್ಳಿ. ಧಾರವಾಡದ ಹೆಮ್ಮೆ. ಅವರು ಹಾಡು ಶುರು ಮಾಡಿದ್ದು ಎಲ್ಲಿ? ಹುಡುಗ ಇದ್ದಾಗ ನಾಟಕ ಕಂಪನಿಯಲ್ಲಿ. ಕಂಪನಿ ನಾಟಕ ನೋಡಲು ಬರುತ್ತಿದ್ದವರು ಯಾರು? ಹಗಲೆಲ್ಲ ದುಡಿದು, ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಬಂದ ಹೊಲದವರು, ಹಮಾಲರು, ನೇಕಾರರು. ಅವರು ಕೊಟ್ಟ ಟಿಕೆಟ್ ದುಡ್ಡಿನಲ್ಲಿ ಕಂಪನಿಗಳು ಬದುಕಿದವು. ಒಳ್ಳೆಯ ಹಾಡಿಗೆ 'ಒನ್ಸ್ ಮೋರ್' ಅಂತ ಕೂಗಿ ಹುಡುಗರ ಗಂಟಲನ್ನು ಪಳಗಿಸಿದವರೂ ಅವರೇ. ಆಮೇಲೆ ಗುರುಗಳು ಸಿಕ್ಕರು, ಘರಾಣೆ ಬಂತು, ಅದೆಲ್ಲ ನಿಜ. ಮೊದಲ ಕೇಳುಗರು ಮಾತ್ರ ಟೆಂಟಿನೊಳಗೆ ನೆಲದ ಮೇಲೆ ಕೂತವರು.

ನಮ್ಮ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಬಡವರ ಮಕ್ಕಳನ್ನು, ಅಂಧ ಮಕ್ಕಳನ್ನು ಕೂರಿಸಿಕೊಂಡು ಸಂಗೀತ ಕಲಿಸಿದರು. ಆ ಮಕ್ಕಳ ಹೊಟ್ಟೆ ತುಂಬಿಸಲು ಆಶ್ರಮ ನಾಟಕ ಕಂಪನಿ ಕಟ್ಟಿತು. ಊರೂರಿಗೆ ಜೋಳಿಗೆ ಹೋಯಿತು. ಜೋಳ ಕೊಟ್ಟವರು ರೈತರು. ಅಲ್ಲಿಂದ ಹೊರಬಿದ್ದ ಗವಾಯಿಗಳು ಇವತ್ತು ಶಾಲೆಗಳಲ್ಲಿ ಸಂಗೀತ ಮೇಷ್ಟ್ರು, ಪುರಾಣದ ವೇದಿಕೆಗಳಲ್ಲಿ ಹಾರ್ಮೋನಿಯಂ ಮುಂದೆ. ಇದು ಯಾರ ಸಂಸ್ಕೃತಿ? ಪಂಡಿತರದಾ, ದುಡಿಯುವವರದಾ? ನನಗೆ ಬೇರೆ ಮಾಡಲು ಬರುವುದಿಲ್ಲ.

ನನ್ನ ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಳು. ಲಾಳಿ ಹೋಗಿ ಬರುವ ತಾಳಕ್ಕೆ ಸರಿಯಾಗಿ ನಾಟಕದ ಹಾಡು ಹೇಳುತ್ತಿದ್ದಳು. ಯಾವ ನಾಟಕ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಹಾಡು ಮಾತ್ರ ಒಂದು ಅಕ್ಷರ ತಪ್ಪುತ್ತಿರಲಿಲ್ಲ.

ಕಲಘಟಗಿ ರೋಡ್

ಒಂದು ಸಣ್ಣ ವಿಷಯ, ಆದರೆ ನನಗೆ ಬಹಳ ಮುಖ್ಯ. ಭಾಷೆಯದು.

ಮೇಲೆ ಅಕ್ಕಾರ ಬರೆದಿದ್ದಾರೆ ನೋಡಿ. ಹಿರಿಯರು 'ಎಲ್ಲದ' ಅಂದರು. ನಮ್ಮ ಮನೆಯಲ್ಲಿ 'ಎಲ್ಲೈತಿ' ಅನ್ನುತ್ತೇವೆ. 'ಅದ' ಮತ್ತು 'ಐತಿ'. ಈ ಎರಡರ ನಡುವೆ ಓಣಿ ಇದೆ, ಜಾತಿ ಇದೆ, ಶಾಲೆ ಇದೆ. ಹೊರಗಿನವರು ಎರಡನ್ನೂ 'ಧಾರವಾಡ ಭಾಷೆ' ಅಂತ ಒಂದೇ ಮಾಡಿ ಖುಷಿಪಡುತ್ತಾರೆ. ನಾನು ಕಾಲೇಜಿಗೆ ಬಂದಾಗ ಒಬ್ಬ ಮೇಡಂ ನನ್ನ 'ಐತಿ' ಕೇಳಿ ಇಡೀ ಕ್ಲಾಸಿನ ಮುಂದೆ ತಿದ್ದಿದರು. ಅದೇ ಮೇಡಂ ಮರುವಾರ ಬೇಂದ್ರೆ ಪಾಠ ಮಾಡುತ್ತ, ಕವಿ ಆಡುಮಾತನ್ನು ಕಾವ್ಯಕ್ಕೆ ತಂದರು ಅಂತ ಹೊಗಳಿದರು. ಲಾವಣಿ ಧಾಟಿ, ಬೀದಿಯ ಮಾತು, ಹೆಂಗಸರ ಮಾತು ಎಲ್ಲ ಕಾವ್ಯ ಆಯಿತು ಅಂದರು. ಹೌದು, ಆಯಿತು. ಆದರೆ ಆ ಮಾತಾಡುವ ಹುಡುಗಿ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂತಿದ್ದಳು.

ಬೇಂದ್ರೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಓದಿಯೇ ನನ್ನ ಮಾತಿಗೂ ಬೆಲೆ ಇದೆ ಅಂತ ತಿಳಿಯಿತು. ಪುಸ್ತಕದಲ್ಲಿ ಬಂದರೆ ಮಾತ್ರ ಮಾತು ಚಂದ ಅನ್ನುವವರ ಮೇಲೆ ಸಿಟ್ಟು.

ಮಾಳಮಡ್ಡಿ ಮಾಸ್ತರ

ಕಲಘಟಗಿ ತಂಗೀ, ನಾನು 31 ವರ್ಷ ಕನ್ನಡ ಕಲಿಸಿದವನು. ಹುಡುಗರ 'ಐತಿ'ಯನ್ನು ನಾನೂ ತಿದ್ದಿದ್ದೇನೆ. ಪರೀಕ್ಷೆಯಲ್ಲಿ ಅಂಕ ಹೋಗಬಾರದು ಅಂತ ತಿದ್ದುತ್ತಿದ್ದೆ. ಯಾವ ದನಿಯಲ್ಲಿ ತಿದ್ದಿದೆ ಅಂತ ಈಗ ನೆನಪು ಮಾಡಿಕೊಳ್ಳುತ್ತಿದ್ದೇನೆ. ಬೇರೇನೂ ಹೇಳಲಾರೆ.

ಬೆಂಗೇರಿ

ನಾನು ಇಲ್ಲಿ ಬರೆಯುವುದು ಕಡಿಮೆ. ನಮ್ಮ ದೊಡ್ಡವ್ವ ಬೆಂಗೇರಿಯ ಖಾದಿ ಸಂಘದಲ್ಲಿ ಧ್ವಜ ಹೊಲಿಯುತ್ತಿದ್ದಳು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರಲ್ಲಿ ಶುರುವಾದದ್ದು. ಕೆಂಪುಕೋಟೆ ಮೇಲೆ ಹಾರುವ ಬಾವುಟ ಹುಬ್ಬಳ್ಳಿಯದು ಅಂತ ಎಲ್ಲರೂ ಹೇಳುತ್ತಾರೆ. ಹೊಲಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಹೆಚ್ಚಿನವರು ಹೆಂಗಸರು.

ಧ್ವಜದಲ್ಲಿ 9 ಅಳತೆ. ಎಲ್ಲಕ್ಕಿಂತ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಮೂರು ಪಟ್ಟಿ ಒಂದೇ ಸಮ ಇರಬೇಕು. ಚಕ್ರ ಎರಡೂ ಕಡೆ ಅಚ್ಚಾಗಬೇಕು, ಈ ಕಡೆಯದು ಆ ಕಡೆಯದಕ್ಕೆ ಸರಿಯಾಗಿ ಕೂರಬೇಕು. ದಾರ, ಬಣ್ಣ, ಹೊಲಿಗೆ ಎಲ್ಲಕ್ಕೂ ಲೆಕ್ಕ ಇದೆ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಪಾಸ್ ಆಗುವುದಿಲ್ಲ. ದೊಡ್ಡವ್ವ ಮನೆಯಲ್ಲಿ ಕೌದಿ ಹೊಲಿಯುವಾಗಲೂ ಬೆರಳಿನಿಂದ ಹೊಲಿಗೆ ಎಣಿಸುತ್ತಿದ್ದಳು. ರೂಢಿ ಬಿದ್ದಿತ್ತು. 2021ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು. ಪಾಲಿಯೆಸ್ಟರ್ ಧ್ವಜಕ್ಕೂ, ಮಷೀನಿನ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಖಾದಿ ಧ್ವಜದ ಬೇಡಿಕೆ ಇಳಿಯಿತು.

ದೊಡ್ಡವ್ವನ ಕೌದಿ ನನ್ನ ಹತ್ತಿರ ಇದೆ. ಹಳೇ ಸೀರೆಗಳ ತುಂಡು. ಅಂಚಿನಲ್ಲಿ ಒಂದೊಂದು ಮನೆಯ ಒಂದೊಂದು ಸೀರೆ. ಇದು ನನ್ನ ಬಾಣಂತನದ್ದು, ಇದು ನಿಮ್ಮಜ್ಜಿ ಸತ್ತಾಗಿನದು ಅಂತ ಬೆರಳಿಟ್ಟು ಹೇಳುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಮಾತ್ರ ಅದು ಪುಸ್ತಕವೇ.

ಹಾವೇರಿ ಗಾಡಿ

ಹಾವೇರಿಯಿಂದ ಒಂದೇ ಮಾತು. ಶಿಶುನಾಳ ಶರೀಫರನ್ನು ಮೊದಲು ಉಳಿಸಿದ್ದು ಯಾವ ಪುಸ್ತಕ? ಯಾವುದೂ ಅಲ್ಲ. ಹೊಲದಲ್ಲಿ, ಭಜನಿ ಮೇಳದಲ್ಲಿ, ಸಂತೆಯಲ್ಲಿ ಹಾಡಿದವರು ಉಳಿಸಿದರು. ಅಚ್ಚಿನ ಪುಸ್ತಕ, ಕ್ಯಾಸೆಟ್ ಎಲ್ಲ ಆಮೇಲೆ. ನಮ್ಮ ಜಿಲ್ಲೆಯಲ್ಲಿ ಈಗಲೂ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಶರೀಫರ ಪದ ಹೇಳುತ್ತಾರೆ. ಬ್ಯಾಡಗಿ ಮಾರ್ಕೆಟ್ಟಿಗೆ ಸೀಜನ್ನಿನಲ್ಲಿ ಬಂದು ನೋಡಿ. ಕಣ್ಣು ಉರಿಯುತ್ತದೆ, ಕೆಮ್ಮು ನಿಲ್ಲುವುದಿಲ್ಲ, ಹಾಡೂ ನಿಲ್ಲುವುದಿಲ್ಲ.

ಓದುವ ಹುಡುಗ, ವಿದ್ಯಾನಗರ

ನಾನು ಎಂ.ಎ. ವಿದ್ಯಾರ್ಥಿ. 2023ರಲ್ಲಿ ಯುನೆಸ್ಕೋ ಕೋಝಿಕ್ಕೋಡಿಗೆ 'ಸಾಹಿತ್ಯ ನಗರ' ಅನ್ನುವ ಹೆಸರು ಕೊಟ್ಟಿತು. ಭಾರತದಲ್ಲಿ ಆ ಹೆಸರು ಪಡೆದ ಮೊದಲ ಊರು ಅದು. ನನ್ನ ಗೆಳೆಯರೆಲ್ಲ ಆಗ 'ಧಾರವಾಡಕ್ಕೆ ಯಾಕಿಲ್ಲ' ಅಂತ ಬೇಜಾರು ಮಾಡಿಕೊಂಡರು. ನಾನೂ ಮಾಡಿಕೊಂಡೆ. ಆಮೇಲೆ ಅಲ್ಲಿಗೆ ಹೋಗಿದ್ದೆ. ಅದು ಪಕ್ಕಾ ವ್ಯಾಪಾರದ ಊರು. ಬಂದರು, ಮಸಾಲೆ, ಮರದ ವ್ಯಾಪಾರ. ಹುಬ್ಬಳ್ಳಿಯ ಹಾಗೇ ಗದ್ದಲ. ಅಲ್ಲಿಯ ಮಿಠಾಯಿ ತೆರುವು ಅನ್ನುವ ಬೀದಿ ನಮ್ಮ ದುರ್ಗದ ಬೈಲಿನ ಹಾಗಿದೆ. ಆ ಬೀದಿಯ ಬಾಯಿಯಲ್ಲೇ ಎಸ್. ಕೆ. ಪೊಟ್ಟೆಕ್ಕಾಟ್ ಅವರ ಪ್ರತಿಮೆ. ಆ ಬೀದಿಯಲ್ಲಿ ಬದುಕು ಮಾಡಿಕೊಂಡಿದ್ದ ಸಾಮಾನ್ಯರ ಮೇಲೆ ಅವರು ಕಾದಂಬರಿ ಬರೆದಿದ್ದಾರೆ. ಅಂದರೆ ಬೀದಿಯೂ ಸಾಹಿತ್ಯವೂ ಅಲ್ಲಿ ಒಂದೇ ಕಡೆ ನಿಂತಿವೆ. ನಮ್ಮಲ್ಲಿ ಬೀದಿ ಹುಬ್ಬಳ್ಳಿಯಲ್ಲಿ, ಪ್ರತಿಮೆ ಧಾರವಾಡದಲ್ಲಿ. ನಡುವೆ ಒಂದು ಬಸ್ಸು.

ದುರ್ಗದ ಬೈಲಿನ ಮೇಲೆ, ಗಿರಣಿ ಚಾಳದ ಮೇಲೆ, ಅಮರಗೋಳದ ಹಮಾಲರ ಮೇಲೆ ಒಂದು ಒಳ್ಳೆಯ ಕಾದಂಬರಿ ಓದಬೇಕು ಅಂತ ನನಗೆ ಬಹಳ ಆಸೆ. ಹಿರಿಯರು ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಯಾರಾದರೂ ಬರೆಯಿರಿ.

ರೈಲ್ವೆ ಚಾಳ

ತಮ್ಮಾ, ನೀನೇ ಬರಿ. ಗಂಗೂಬಾಯಿ ಹಾನಗಲ್ಲರು ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬದುಕಿದರು. ಅವರನ್ನು ಯಾವ ಊರಿನವರು ಅಂತ ಕೇಳಿದರೆ ಎರಡೂ ಊರಿನವರು 'ನಮ್ಮವರು' ಅನ್ನುತ್ತಾರೆ. ಅಂಥವರೇ ಸಿಟಿ ಬಸ್ಸಿನಂತೆ ಈ ಎರಡು ಊರನ್ನು ಒಂದಕ್ಕೊಂದು ಬೆಸೆದವರು. ಪಾಲಿಕೆ ಬೇರೆ ಮಾಡಿಕೊಳ್ಳಲಿ. ಕಸ ಸರಿಯಾಗಿ ಎತ್ತಿದರೆ, ನೀರು ದಿನಾ ಬಂದರೆ ಒಳ್ಳೆಯದೇ. ನೆನಪು ಬೇರೆ ಮಾಡುವುದು ಬೇಡ.

ಕಂಪೋಜಿಟರ್ ಮಗಳು, ಹುಬ್ಬಳ್ಳಿ

ಎಲ್ಲರಿಗೂ ಶರಣು. ಇಷ್ಟು ಮಂದಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕೌದಿಯ ಕಥೆ ಬಂದಾಗ "ಮತ್ತೊಮ್ಮೆ ಓದು" ಅಂದರು.

ಲೈನ್ ಬಜಾರ್ ತಮ್ಮನ ಮಾತು ಒಪ್ಪಿದೆ. ನಾನು ಶುರು ಮಾಡಿದಾಗ ಮನಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡವೇ ಇತ್ತು. ಈಗ ಅದು ಊರಿನ ಪ್ರಶ್ನೆ ಅಲ್ಲ ಅನ್ನಿಸುತ್ತಿದೆ. ಬರೆದವರ ಹೆಸರು ಉಳಿಯಿತು. ಜೋಡಿಸಿದವರ, ಹೊಲಿದವರ, ಓದಿ ಹೇಳಿದವರ, ಹಾಡಿ ಉಳಿಸಿದವರ ಹೆಸರು ಉಳಿಯಲಿಲ್ಲ. ಇವರಲ್ಲಿ ಬಹಳ ಮಂದಿಗೆ ಈಗ 80 ದಾಟಿದೆ. ನಮಗೆ ಹೆಚ್ಚು ಸಮಯ ಇಲ್ಲ. ಸಂಘ, ಕಚೇರಿ, ಅನುದಾನ ಅಂತ ಕಾಯುತ್ತ ಕೂರುವುದು ಬೇಡ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ನಮ್ಮ ನಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸಿ, ರೆಕಾರ್ಡ್ ಮಾಡಿ. ಅವರ ಮಾತಿನಲ್ಲೇ ಇರಲಿ, ತಿದ್ದಬೇಡಿ. ಕೆಲಸದ ಮಾತುಗಳನ್ನು ಬಿಡಬೇಡಿ. ಖಾನೆಗೆ ಏನನ್ನುತ್ತಿದ್ದರು, ಮಗ್ಗದ ಒಂದೊಂದು ಭಾಗಕ್ಕೆ ಏನನ್ನುತ್ತಿದ್ದರು, ಒಲೆಯ ಮುಂದೆ ಪೇಡೆಯ ಹದವನ್ನು ಏನಂತ ಕರೆಯುತ್ತಿದ್ದರು, ಎಲ್ಲ ಬೇಕು. ಆ ಮಾತುಗಳು ನಿಘಂಟಿನಲ್ಲಿ ಸಿಗಲಿಕ್ಕಿಲ್ಲ.

ನಾನು ಶುರು ಮಾಡಿದ್ದೇನೆ. ನಿನ್ನೆ 40 ನಿಮಿಷ ಆಯಿತು. ಒತ್ತಕ್ಷರದ ಖಾನೆಗಳು ಎಲ್ಲೆಲ್ಲಿ ಇದ್ದವು ಅಂತ ಅಪ್ಪ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದರು. ಕಣ್ಣು ಮುಚ್ಚಿಕೊಂಡೇ ತೋರಿಸಿದರು. ಬಾಯಲ್ಲಿ ಹೇಳು ಅಂದರೆ ತಡವರಿಸುತ್ತಾರೆ. ಕೈಗೆ ಎಲ್ಲ ನೆನಪಿದೆ.

ಮಾಳಮಡ್ಡಿ ಮಾಸ್ತರ

ತಂಗೀ, ಒಂದು ಕೇಳಲಾ? ನನ್ನ ಹತ್ತಿರ ಮೊಳೆ ಅಚ್ಚಿನ ಕಾಲದ ಹಳೆಯ ಪುಸ್ತಕಗಳು ಬಹಳ ಇವೆ. ನಿಮ್ಮ ತಂದೆಯವರನ್ನು ನೋಡಬೇಕು. ಬರಬಹುದಾ?

ಕಂಪೋಜಿಟರ್ ಮಗಳು, ಹುಬ್ಬಳ್ಳಿ

ಬನ್ನಿ ಸರ, ಅವಶ್ಯ ಬನ್ನಿ. ಅಪ್ಪ ಮಧ್ಯಾಹ್ನ ಮಲಗುತ್ತಾರೆ, ನಾಲ್ಕು ಗಂಟೆ ಮೇಲೆ ಬನ್ನಿ. ಕಿವಿ ಸ್ವಲ್ಪ ಮಂದ, ಹತ್ತಿರ ಕೂತು ಮಾತಾಡಬೇಕು. ಪುಸ್ತಕಗಳನ್ನು ತಪ್ಪದೆ ತನ್ನಿ, ಹರಿದಿದ್ದರೂ ಸರಿ. ಅಪ್ಪನ ಕೇಸಿನ ಮೊಳೆಗಳಲ್ಲಿ ಒಡೆದ 'ಳ' ಒಂದು, ಕಾಲು ಮುರಿದ 'ಕ್ಷ' ಒಂದು ಇದ್ದವಂತೆ. ಅವೇನಾದರೂ ಪುಟದಲ್ಲಿ ಕಂಡರೆ ಅದು ತಾನು ಜೋಡಿಸಿದ ಪುಸ್ತಕ ಅಂತ ಅಪ್ಪ ಹೇಳಬಲ್ಲರು. ಭೂತಗನ್ನಡಿ ನಮ್ಮ ಮನೆಯಲ್ಲೇ ಇದೆ.